ಲಕ್ಷದ ಲೆನ್ಸುದೇ ಬೇಡ, 'ನಿಂಗೊಗೆ ಮೊಬೈಲು ಸಾಕು' ಹೇಳ್ತ ಮಾತುದೇ ಬೇಡ

ಅಕ್ಕಂದ್ರೇ, ಅತ್ತಿಗೆಯಕ್ಕಳೇ, ಈ ಸರ್ತಿ ಅಡಿಗೆ ವಿಷಯ ಅಲ್ಲ. ಹಪ್ಪಳದ ಡಬ್ಬಿ ಮಾಂತ್ರ ಮಧ್ಯಲ್ಲಿ ಒಂದರಿ ಬಕ್ಕು, ಅದುದೇ ಹಪ್ಪಳಕ್ಕೆ ಅಲ್ಲ. ಆನು ಬರವಲೆ ಹೆರಟದು ಕೆಮರದ ವಿಷಯ. ಹಕ್ಕಿ ಫೋಟೋ ತೆಗವ ಕೆಮರ ಏವದು ಆಯೆಕ್ಕು, ಅದರ ಆರು ನಿಘಂಟು ಮಾಡೆಕ್ಕು, ಪೈಸೆ ಎಷ್ಟು ಹಾಕೆಕ್ಕು ಹೇಳ್ತದರ ಬಗ್ಗೆ ನಮ್ಮ ಮನೆಗಳಲ್ಲಿ ಎರಡು ಮಾತು ತಿರುಗುತ್ತಾ ಇದ್ದು. ಆ ಎರಡು ಮಾತಿನ ಮೇಲೆ ಎನಗೆ ಇಪ್ಪ ಪಿಸುರಿನ ಪೂರಾ ಇಲ್ಲಿ ಹೇಳಿಬಿಡ್ತೆ.

ಒಂದನೇ ಮಾತು: "ನಿಂಗೊಗೆಲ್ಲ ಕೆಮರ ಎಂತಕೆ, ಮೊಬೈಲು ಸಾಕು." ಎರಡನೇ ಮಾತು: "ಹಕ್ಕಿ ಫೋಟೋ ಹೇಳಿರೆ ಸಸಾರ ಅಲ್ಲ, ಅದಕ್ಕೆ ಲಕ್ಷಗಟ್ಲೆ ಕ್ರಯದ ಲೆನ್ಸು ಬೇಕು." ಎರಡನ್ನೂ ಹೇಳುದು ಒಂದೇ ಬಾಯಿ ಹೇಳಿ ನಿಂಗೊ ನೋಡಿದ್ದಿರೋ? ಹೆಮ್ಮಕ್ಕೊ ಕೇಳಿರೆ ಒಂದನೇ ಮಾತು, ತಾನು ತೆಕ್ಕೊಂಬಗ ಎರಡನೇ ಮಾತು.

ಮೊಬೈಲಿನ ವಿಷಯ ಮದಾಲು ಮುಗುಶುವ. ಮೊಬೈಲು ಎನಗೂ ಇದ್ದು. ಪುಳ್ಳಿಯ ಫೋಟೋಕ್ಕೆ, ಹೂಗಿನ ಫೋಟೋಕ್ಕೆ, ಪೂಜೆಯ ಮಂಡ್ಲದ ಫೋಟೋಕ್ಕೆ ಅದರಷ್ಟು ಲಾಯ್ಕ ಬೇರೆ ಏವದೂ ಇಲ್ಲೆ. ಆದರೆ ಮೊಬೈಲಿನ ಮುಖ್ಯ ಲೆನ್ಸಿನ ಅಗಲ ನೋಡ್ಲೆ ಹೇಳಿಯೇ ಮಾಡಿದ್ದು. ಕೆಮರದೋರ ಲೆಕ್ಕಲ್ಲಿ ಅದು ಸುಮಾರು 24, 26 ಎಂ.ಎಂ. ಇಡೀ ಜಾಲು, ಜಾಲಿಲಿ ಒಣಗಲೆ ಹಾಕಿದ ಅಡಕ್ಕೆ, ಕರೇಲಿ ಮನುಗಿದ ನಾಯಿ, ಎಲ್ಲ ಒಂದೇ ಫೋಟೋಲ್ಲಿ ಬಪ್ಪ ಅಳತೆ ಅದು. ಅಡಕ್ಕೆ ಮರದ ಕೊಡೀಲಿ ಕೂದ ಕುಟ್ರುಹಕ್ಕಿಯ ಅದರಲ್ಲಿ ತೆಗದರೆ ಸಾಸಮೆ ಕಾಳಿನಷ್ಟು ಒಂದು ಚುಕ್ಕಿ. ಬೆರಳಿಲಿ ಎಳದು ದೊಡ್ಡ ಮಾಡಿರೆ ಚುಕ್ಕಿ ದೊಡ್ಡ ಆವ್ತು, ಹಕ್ಕಿ ಆವ್ತಿಲ್ಲೆ. ಹಾಂಗೆ ಎಳವದು ಹೇಳಿರೆ ಫೋಟೋದ ಕರೆ ಎಲ್ಲ ಕತ್ತರುಸಿ ನೆಡುಗಾಣ ತುಂಡಿನ ಹಿಗ್ಗುಸುದು ಅಷ್ಟೆ. ಎರಡು ಸೌಟು ಸಾಂಬಾರಿಂಗೆ ಒಂದು ಕೊಡಪ್ಪಾನ ನೀರು ಹಾಕಿ ಹತ್ತು ಜೆನಕ್ಕೆ ಬಳುಸಿದ ಹಾಂಗೆ. ಈಗಾಣ ಕೆಲವು ಕ್ರಯದ ಮೊಬೈಲುಗಳಲ್ಲಿ ಮೂರು ಪಾಲು, ಐದು ಪಾಲು ಹತ್ತರೆ ತಪ್ಪ ಲೆನ್ಸುದೇ ಇದ್ದು. ಅದು 120 ಎಂ.ಎಂ. ವರೆಗೆ ಎತ್ತುಗು. ಬಾಳೆಗೊನೆಗೆ ಅಕ್ಕು, ಹಕ್ಕಿಗೆ ಸಾಕಾಗ. ಹಕ್ಕಿಗೆ 400ರಿಂದ ಮೇಲೆ ಬೇಕು.

"ಅಂಬಗ ಲಕ್ಷದ ಲೆನ್ಸು ಬೇಕೇ ಬೇಕಾತಲ್ಲದಾ?" ಹೇಳಿ ಕೇಳುಗು. ಬೇಡ. ಎನ್ನ ಜಗಳ ಇಪ್ಪದೇ ಇಲ್ಲಿ.

ಕೆಮರ ತೆಕ್ಕೊಂಬಲೆ ಆನುದೇ ಇವುದೇ ಪೇಟೆಯ ಒಂದು ಅಂಗಡಿಗೆ ಹೋಗಿತ್ತಿದ್ದೆಯೊ. ಕೆಮರ ಎನಗೆ, ಪೈಸೆಯೂ ಎನ್ನದೇ. ಮಲ್ಲಿಗೆ ಕಟ್ಟಿ ಮಾರಿ ಮಡುಗಿದ ಪೈಸೆ. ಅಂಗಡಿಯ ಮಾಣಿ ಹತ್ತು ನಿಮಿಷ ಮಾತಾಡಿದ, ಹತ್ತು ನಿಮಿಷವೂ ಇವರ ಮೋರೆ ನೋಡಿಯೊಂಡು. ಇದರ ತೂಕ ಎಷ್ಟು ಹೇಳಿ ಆನು ಕೇಳಿರೆ ಉತ್ತರ ಇವಕ್ಕೆ. ರಜ ಎತ್ತಿ ನೋಡ್ತೆ ಹೇಳಿರೆ, "ಮೇಡಂಗೆ ಇದು ಕಷ್ಟ ಆಗ್ತದೆ ಸಾರ್, ಅವರಿಗೆ ಆ ಸಣ್ಣದು, ಪಿಂಕ್ ಕಲರಿದ್ದು ತೋರಿಸ್ಲಾ?" ಇವು "ನನ್ನತ್ರ ಎಂತ ಕೇಳೂದು ಮಾರಾಯ, ಪೈಸೆ ಅವರದ್ದು" ಹೇಳಿ ಹೇಳಿದವು. ಆ ಮಾತು ಮಾಣಿಯ ಕೆಮಿಗೆ ಬಿದ್ದ ಹಾಂಗೆ ಕಂಡಿದಿಲ್ಲೆ. ದಿನಕ್ಕೆ ಎರಡು ಸರ್ತಿ ಹಟ್ಟಿಗೆ ಹುಲ್ಲು ಹೊರ್ತ ಹೆಗಲಿಂಗೆ ಏವದು ಕಷ್ಟ, ಏವದು ಸಸಾರ ಹೇಳಿ ಹೇಳ್ಲೆ ಅವಂಗೆ ಹೇಂಗೆ ಎಡಿಗು? ಎಂಗೊ ಹೆರ ಬಂದೆಯೊ.

ಅಂಗಡಿಲಿ ಬೊಬ್ಬೆ ಹಾಕುದು ಎರಡೇ ಸಂಖ್ಯೆಯ: ಎಷ್ಟು ಎಕ್ಸು, ಎಷ್ಟು ಮೆಗಾಪಿಕ್ಸೆಲು. ಹಕ್ಕಿ ವಿಷಯಲ್ಲಿ ಎರಡರಿಂದಲೂ ಉಪಕಾರ ಕಮ್ಮಿ. ಎಕ್ಸು ಹೇಳಿರೆ ದೂರ ಕಾಂಬ ಶೆಗ್ತಿ ಅಲ್ಲ. ಲೆನ್ಸಿನ ಉದ್ದದ ಕೊಡಿಯ ಸಣ್ಣ ಕೊಡಿಂದ ಭಾಗುಸಿರೆ ಸಿಕ್ಕುವ ಲೆಕ್ಕ. 24ರಿಂದ 240ಕ್ಕೆ ಹೋಪ ಲೆನ್ಸು 10 ಎಕ್ಸು. 100ರಿಂದ 400ಕ್ಕೆ ಹೋಪದು ಬರೇ 4 ಎಕ್ಸು. ಆದರೆ ಹಕ್ಕಿಯ ಹತ್ತರೆ ತಪ್ಪದು ಏವದು? ಆ 4 ಎಕ್ಸಿಂದು. ಹಾಂಗಾಗಿ ಅಂಗಡಿಲಿ ಎಕ್ಸಿನ ಬಿಡಿ, "ಉದ್ದದ ಕೊಡಿ ಎಷ್ಟು ಎಂ.ಎಂ.? 35 ಎಂ.ಎಂ. ಲೆಕ್ಕಲ್ಲಿ ಹೇಳಿ" ಹೇಳಿ ಕೇಳಿ. ಈ ಒಂದು ಪ್ರಶ್ನೆ ಕೇಳಿರೆ ಮಾಣಿ ನಿಂಗಳ ಮೋರೆ ನೋಡ್ಲೆ ಸುರು ಮಾಡುಗು.

ಆ '35 ಎಂ.ಎಂ. ಲೆಕ್ಕ' ಎಂತಕೆ ಹೇಳಿರೆ, ಕೆಮರದ ಒಳಾಣ ಸೆನ್ಸರು ಎಲ್ಲ ಒಂದೇ ಅಳತೆಯ ಇಲ್ಲೆ. ಸೆನ್ಸರು ಹೇಳಿರೆ ಎಂತರ? ಮಳೆಗಾಲಲ್ಲಿ ಮಾಡಿನ ನೀರಿಂಗೆ ನಾವು ಪಾತ್ರ ಮಡುಗುತ್ತಿಲ್ಲೆಯೋ, ಹಾಂಗೆ ಬೆಣಚ್ಚಿಗೆ ಮಡುಗಿದ ಪಾತ್ರ. ಬಾಯಿ ಅಗಲ ಇದ್ದರೆ ಬೇಗ ತುಂಬುತ್ತು. ಫುಲ್ ಫ್ರೇಮು ಹೇಳ್ತ ದೊಡ್ಡ ಕೆಮರಲ್ಲಿ ಸೆನ್ಸರು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಅದು ಕೊಪ್ಪರಿಗೆ. ಸೂಪರ್‌ಝೂಮು ಹೇಳ್ತ, ಲೆನ್ಸು ಮೈಗೇ ಅಂಟಿಗೊಂಡಿಪ್ಪ ಕೆಮರಂಗಳಲ್ಲಿ ಹೆಚ್ಚಿನದರಲ್ಲಿಯೂ ಸುಮಾರು 6ಕ್ಕೆ ನಾಲ್ಕೂವರೆ ಮಿ.ಮೀ. ಅದು ಚಾಯದ ಗ್ಲಾಸು. ಲೆಕ್ಕ ಹಾಕಿರೆ ಸುಮಾರು 30 ಪಾಲು ವೆತ್ಯಾಸ. ಸಣ್ಣ ಸೆನ್ಸರಿಂಗೆ ಇಪ್ಪ ಲಾಭ ಎಂತರ ಹೇಳಿರೆ, ಸಣ್ಣ ಲೆನ್ಸಿಲಿಯೇ ಹಕ್ಕಿ ಹತ್ತರೆ ಬತ್ತು. ನಷ್ಟ ಎಂತರ ಹೇಳಿರೆ, ಕಸ್ತಲೆ ಕಟ್ಟಿದ ದಿನ, ತೋಟದ ನೆರಳಿಲಿ, ಫೋಟೋ ರವೆ ರವೆ ಆವ್ತು. ಎರಡನ್ನೂ ತಿಳ್ಕೊಂಡು ತೆಕ್ಕೊಂಡರೆ ಆತು. ಅಂಗಡಿಯೋರು ಲಾಭ ಮಾಂತ್ರ ಹೇಳ್ತವು, ದೊಡ್ಡ ಲೆನ್ಸಿನ ಭಾವಂದ್ರು ನಷ್ಟ ಮಾಂತ್ರ ಹೇಳ್ತವು.

ಎನ್ನತ್ರೆ ಇಪ್ಪದು ನಿಕಾನ್ ಕೂಲ್‌ಪಿಕ್ಸ್ ಪಿ900. 2015ರಲ್ಲಿ ಬಂದ ಮೋಡೆಲು, ಆನು ತೆಕ್ಕೊಂಡದು ಒಬ್ಬ ಉಪಯೋಗಿಸಿ ಕೊಟ್ಟದರ. ಡಬ್ಬಿಲಿ 24ರಿಂದ 2000 ಎಂ.ಎಂ. ಹೇಳಿ ಬರದ್ದು. ನಿಜವಾದ ಲೆನ್ಸು 357 ಎಂ.ಎಂ. ವರೆಗೆ ಮಾಂತ್ರ, ಬಾಕಿದ್ದೆಲ್ಲ ಆ ಚಾಯದ ಗ್ಲಾಸಿನ ಮಹಿಮೆ. ಆದರೂ ಜೆಗಿಲಿಲಿ ಕೂದು ತೋಡಿನ ಕರೆಯ ಮಿಂಚುಳ್ಳಿಯ ಕಣ್ಣಿನ ಒಳಾಣ ಹೊಳಪು ಕಾಂಬಷ್ಟು ಹತ್ತರೆ ತತ್ತು. ಬೆಶಿಲಿಪ್ಪ ದಿನ ಉದಿಯಪ್ಪಗ ತೆಗದ ಫೋಟೋವ ಒಂದು ಪುಸ್ತಕದ ಗಾತ್ರಕ್ಕೆ ಅಚ್ಚು ಹಾಕಿ ಗೋಡೆಗೆ ತೂಗುಸಿದ್ದೆ, ಬಂದವು ಆರುದೇ ರವೆ ಕಾಣ್ತು ಹೇಳಿದ್ದವಿಲ್ಲೆ. ಇದರ ಮತ್ತೆ 2018ರಲ್ಲಿ 3000 ಎಂ.ಎಂ.ಗೆ ಹೋಪ ಪಿ1000 ಬಂತು. ಎನ್ನ ಕೇಳಿರೆ ಅದು ಬೇಡ. ತೂಕ 1.4 ಕಿಲೋ, ಅಷ್ಟು ಉದ್ದ ಎಳದರೆ ನಮ್ಮ ಉಸುಲಿಂಗೂ ಹಕ್ಕಿ ಚೌಕಂದ ಹೆರ ಹಾರುತ್ತು.

ತೂಕದ ಮಾತು ಬಂತನ್ನೆ, ಇದರ ರಜ ಉದ್ದಕ್ಕೆ ಹೇಳ್ತೆ. ಕೆಮರದ ವಿಷಯ ಮಾತಾಡುವ ಗೆಂಡುಮಕ್ಕೊ ಅಕೇರಿಗೆ ಹೇಳುವ ವಿಷಯ ಇದು, ನವಗೆ ಇದೇ ಮದಾಲು ಬೇಕಾದ್ದು. ಪಿ900 ಒಂದು ಕಿಲೋಗೆ ರಜ ಕಮ್ಮಿ, 899 ಗ್ರಾಂ. ಸಿಗ್ಮಾ ಕಂಪೆನಿಯ 150-600 ಲೆನ್ಸಿಲಿ ಹಗುರದ್ದು ಹೇಳ್ತದೇ 1.93 ಕಿಲೋ, ಕೆಮರ ಬೇರೆ. ಆ ಹತ್ತು ಲಕ್ಷಂದ ಮೇಲಾಣ ಲೆನ್ಸು ಹೇಳ್ತವನ್ನೆ, 600 ಎಂ.ಎಂ. ಎಫ್ 4, ಅದು ನಿಕಾನಿನ ಡಿ.ಎಸ್.ಎಲ್.ಆರ್. ಕೆಮರಕ್ಕೆ ಹಾಕುದಾದರೆ 3.8 ಕಿಲೋ. ಹುಟ್ಟಿದ ಶಿಶುವಿಂದಲೂ ಭಾರ. ಶಿಶುವಿನ ನಾವೆಲ್ಲ ಎತ್ತಿಗೊಂಡಿದು, ಆದರೆ ಕಣ್ಣಿನ ಎದುರು ನೀಟಕ್ಕೆ ಹಿಡ್ಕೊಂಡು ಅಲುಗದ್ದೆ ನಿಂದಿದಿಲ್ಲೆ. ಇಷ್ಟು ಭಾರ ಎಂತಕೆ ಹೇಳಿ ಕೇಳಿರೆ ಅದಕ್ಕೊಂದು ಸಸಾರದ ಲೆಕ್ಕ ಇದ್ದು: 600ರ 4ರಿಂದ ಭಾಗುಸಿ, 150 ಬಂತಲ್ಲದಾ, ಬೆಣಚ್ಚಿ ಒಳ ಹೋಪ ಬಾಗಿಲು 150 ಮಿ.ಮೀ. ಅಗಲ ಇರೆಕ್ಕು. ಒಂದು ಸಣ್ಣ ತಟ್ಟೆಯಷ್ಟು ಅಗಲದ ದಪ್ಪ ಗ್ಲಾಸು ಮೋರೆಲಿ. ಅದೇ 600ಕ್ಕೆ ಎಫ್ 8 ಸಾಕು ಹೇಳಿ ಆದರೆ 75 ಮಿ.ಮೀ. ಬೆಣಚ್ಚಿ ಕಾಲಂಶ ಆವ್ತು, ಕ್ರಯವೂ ಭಾರವೂ ಎಷ್ಟೋ ಇಳಿತ್ತು.

ಆ ದೊಡ್ಡ ಲೆನ್ಸು ಹಾಳು ಹೇಳಿ ಆನು ಹೇಳ್ತಿಲ್ಲೆ. ಕಾಡಿನ ಕಸ್ತಲೆಲಿ ಹುಲಿಯ ಫೋಟೋ ತೆಗದು ಅದರಲ್ಲೇ ಜೀವನ ಮಾಡ್ತವಕ್ಕೆ ಅದು ಹೂಡುವ ಎತ್ತಿನ ಹಾಂಗೆ, ಬೇಕೇ ಬೇಕು. ವರ್ಷಕ್ಕೆ ಎರಡು ಸರ್ತಿ ಸಫಾರಿಗೆ ಹೋಗಿ, ಬಾಕಿ ದಿನ ಕವಾಟಿಲಿ ಮಡುಗುವವಕ್ಕೆ ಎಂತಕೆ? ಹೂಡ್ಲಿಲ್ಲದ್ದವು ಎತ್ತು ಸಾಂಕುತ್ತವೋ?

ಅಂಗಡಿಲಿ ಮಾಡೆಕ್ಕಾದ ಪರೀಕ್ಷೆ ಒಂದೇ. ಕೆಮರವ ಕಣ್ಣಿಂಗೆ ಹಿಡುದು ಮನಸ್ಸಿಲಿಯೇ ನೂರರ ವರೆಗೆ ಎಣುಸಿ. ಅರುವತ್ತಕ್ಕೆ ಕೈ ನಡುಗುಲೆ ಸುರುವಾದರೆ ಆ ಕೆಮರ ನಿಂಗಳದ್ದಲ್ಲ, ಅದರಲ್ಲಿ ಎಷ್ಟು ಮೆಗಾಪಿಕ್ಸೆಲು ಇದ್ದರೂ. ಹಕ್ಕಿ ಗೆಲ್ಲಿಲಿ ಕೂದು ಮೋರೆ ತಿರುಗುಸುಲೆ ಅಷ್ಟು ಹೊತ್ತು ಬೇಕಾವ್ತು.

ಇನ್ನೊಂದು ವಿಷಯ, ಐವತ್ತು ಕಳುದವಕ್ಕೆ. ಹತ್ತರೆ ನೋಡ್ಲೆ ಕನ್ನಡ್ಕ, ದೂರ ನೋಡ್ಲೆ ಬರೇ ಕಣ್ಣು, ನಮ್ಮ ಅವಸ್ಥೆ ಹೀಂಗೆ. ಕೆಮರದ ಹಿಂದಾಣ ಪರದೆ ನೋಡಿ ಫೋಟೋ ತೆಗವದಾದರೆ ಕನ್ನಡ್ಕ ಬೇಕು, ಹಕ್ಕಿಯ ಹುಡ್ಕುವಗ ಅದೇ ಕನ್ನಡ್ಕ ಉಪದ್ರ. ಹಾಕಿ ತೆಗದು ಮಾಡುವಗ ಹಕ್ಕಿ ಹೋತು. ಹಾಂಗಾಗಿ ಕಣ್ಣಿಟ್ಟು ನೋಡುವ ಕಿಂಡಿ, ವ್ಯೂಫೈಂಡರು, ಇಲ್ಲದ್ದ ಕೆಮರ ನವಗೆ ಬೇಡಲೇ ಬೇಡ. ಆ ಕಿಂಡಿಯ ಕರೇಲಿ ಒಂದು ಸಣ್ಣ ಚಕ್ರ ಇರ್ತು. ಡಯಾಪ್ಟರು ಹೇಳಿ ಅದರ ಹೆಸರು. ಅದರ ತಿರುಗುಸಿ ಒಳಾಣ ಅಕ್ಷರ ನಿಂಗಳ ಕಣ್ಣಿಂಗೆ ಸ್ಪಷ್ಟ ಕಾಂಬ ಹಾಂಗೆ ಮಾಡಿಗೊಂಡರೆ ಓದುವ ಕನ್ನಡ್ಕ ಇಲ್ಲದ್ದೆಯೇ ಕೆಲಸ ನಡೆತ್ತು. ಇದರ ಎನಗೆ ಏವ ಅಂಗಡಿಯೋನೂ ಹೇಳಿದ್ದಾ ಇಲ್ಲೆ, ಕೆಮರದೊಟ್ಟಿಂಗೆ ಬಂದ ಪುಸ್ತಕಲ್ಲಿ ಓದಿದ್ದು. 'ಕೆಮರ ಸರಿ ಇಲ್ಲೆ, ಎಲ್ಲ ಮಂಜು ಮಂಜು' ಹೇಳಿ ಆಚಮನೆ ಅತ್ತೆ ಮೂಲೆಲಿ ಮಡುಗಿದ ಕೆಮರವ ಈ ಚಕ್ರ ತಿರುಗುಸಿ ಕೊಟ್ಟಪ್ಪಗ ಅತ್ತೆ ಜಾಲಿಂದ ಒಳ ಬಪ್ಪಲೇ ಕೇಳಿದ್ದಿಲ್ಲೆ.

ಸ್ಟ್ಯಾಂಡು ಬೇಕೋ? ಮೂರು ಕಾಲಿನ ಸ್ಟ್ಯಾಂಡು ಹೊತ್ತೊಂಡು ತೋಟದ ಸಂಕ ದಾಂಟ್ಲೆ ಎನ್ನಂದ ಎಡಿಯ. ಹಳೇ ಪೇಂಟಿನ ಒಂದು ಕಾಲು ಕತ್ತರುಸಿ, ಒಂದು ಕೊಡಿ ಹೊಲುದು, ಒಳ ಮುಕ್ಕಾಲು ಪಾಲು ಹುರುಳಿ ತುಂಬುಸಿ ಮತ್ತೊಂದು ಕೊಡಿಯನ್ನೂ ಹೊಲಿರಿ. ಪೂರ್ತಿ ತುಂಬುಸುಲಾಗ, ಗಟ್ಟಿ ಆದರೆ ಕೆಮರ ಕೂರ್ತಿಲ್ಲೆ. ಕಿಟಿಕಿ ದಾರಂದದ ಮೇಲೆ, ಜೆಗಿಲಿಯ ದಂಡೆಲಿ, ಜೀಪಿನ ಬಾಗಿಲಿಲಿ, ಎಲ್ಲಿ ಬೇಕಾದರೂ ಮಡುಗಿ ಅದರ ಮೇಲೆ ಲೆನ್ಸು ಊರಿರೆ ಅಲುಗುತ್ತೇ ಇಲ್ಲೆ. ಸಫಾರಿ ಜೀಪಿಲಿ ದೊಡ್ಡ ದೊಡ್ಡ ಫೋಟೋಗ್ರಾಫರುಗಳೂ ಮಡುಗುದು ಇದರನ್ನೇ, ಬೀನ್ ಬ್ಯಾಗು ಹೇಳಿ ಪೈಸೆ ಕೊಟ್ಟು ತತ್ತವು.

ಸೂಪರ್‌ಝೂಮು ಎಲ್ಲೋರಿಂಗೂ ಹೇಳಿ ಅಲ್ಲ. ಹಾರುವ ಹಕ್ಕಿಯೇ ಬೇಕು, ಕಾಡಿನ ಒಳಾಣ ಹಕ್ಕಿಯೇ ಬೇಕು ಹೇಳ್ತ ಆಶೆ ಇದ್ದರೆ ಲೆನ್ಸು ಬದಲುಸುವ ಕೆಮರಕ್ಕೇ ಹೋಯೆಕ್ಕು. ಹಾರುವಗ ರೆಕ್ಕೆ ಮಂಜಾಗದ್ದೆ ಬರೆಕ್ಕಾರೆ ಒಂದು ಸೆಕೆಂಡಿನ ಎರಡು ಸಾವಿರಲ್ಲಿ ಒಂದು ಪಾಲು ಹೊತ್ತಿಲಿ ಫೋಟೋ ಆಯೆಕ್ಕು, ಚಾಯದ ಗ್ಲಾಸಿಂಗೆ ಅಷ್ಟರಲ್ಲಿ ಬೆಣಚ್ಚಿ ತುಂಬುತ್ತಿಲ್ಲೆ. ಅಷ್ಟಾದರೂ ಲಕ್ಷಗಟ್ಲೆ ಬೇಡ. ಎ.ಪಿ.ಎಸ್-ಸಿ ಹೇಳ್ತ ಮಧ್ಯಮ ಸೆನ್ಸರಿನ ಕೆಮರದ ಮೈ, ಒಬ್ಬ ಉಪಯೋಗಿಸಿದ್ದು ಆದರೂ ಅಕ್ಕು, ಅದಕ್ಕೊಂದು 70-300 ಲೆನ್ಸು. ಆ ಸೆನ್ಸರಿಲಿ 300 ಹೇಳಿರೆ 450ರ ಕೆಲಸ ಮಾಡ್ತು, ಕೆನಾನಿಲಿ ಆದರೆ 480. ಕೆನಾನಿನ ಮಿರರ್‌ಲೆಸ್ ಕೆಮರಕ್ಕೆ ಇಪ್ಪ 100-400 ಲೆನ್ಸು ಒಂದು ಬರೇ 635 ಗ್ರಾಂ. ಪೈಸೆ ಇದ್ದು, ಹೊಸತ್ತೇ ಬೇಕು ಹೇಳ್ತ ಅಕ್ಕಂದ್ರು ಅದರ ಎತ್ತಿ ನೋಡಿ. ಹಳತ್ತು ತೆಕ್ಕೊಂಬಗ ಲೆನ್ಸಿನ ಬೆಣಚ್ಚಿಗೆ ಹಿಡುದು ಒಳ ಜೇಡನ ಬಲೆಯ ಹಾಂಗಿಪ್ಪ ಗೀಟು ಇದ್ದೋ ನೋಡಿಯೇ ಪೈಸೆ ಕೊಡಿ. ಅದು ಬೂಸರು.

ಬೂಸರಿನ ವಿಷಯಲ್ಲಿ ನಮ್ಮ ಊರಿಂದ ಹೆಚ್ಚು ಅನುಭವ ಆರಿಂಗೆ ಇದ್ದು? ಆಟಿ ತಿಂಗಳಿಲಿ ಚೆರ್ಪಿಂಗೆ ಬೂಸರು, ಚರ್ಮದ ಬೇಗಿಂಗೆ ಬೂಸರು, ದೇವರ ಪಟದ ಗ್ಲಾಸಿನ ಒಳವೂ ಬೂಸರು. ಲೆನ್ಸು ಕೇಳ್ತೋ? ಬಟ್ಟೆ ಕಪಾಟಿಲಿ ಮಡುಗಿದ ಎಷ್ಟು ಲಕ್ಷದ ಲೆನ್ಸಾದರೂ ಎರಡು ಮಳೆಗಾಲ ಕಳಿವಗ ಹೋತು. ಇಲ್ಲಿಗೆ ಬಂತು ನೋಡಿ ಹಪ್ಪಳದ ಡಬ್ಬಿ. ರಬ್ಬರಿನ ಅಂಚು ಇಪ್ಪ, ಗಾಳಿ ಹೋಗದ್ದ ಡಬ್ಬಿ, ಒಳ ಸಿಲಿಕಾ ಜೆಲ್ಲು. ಹಪ್ಪಳ ಮೆತ್ತಂಗೆ ಆಗದ್ದ ಡಬ್ಬಿಲಿ ಲೆನ್ಸುದೇ ಹಾಳಾಗ. ಅದರ ಒಳಾಣ ಪಸೆ ಎಷ್ಟು ಹೇಳಿ ತೋರುಸುವ ಸಣ್ಣ ಗಡಿಯಾರದ ಹಾಂಗಿಪ್ಪದು ಸಿಕ್ಕುತ್ತು, 40ರಿಂದ 50 ತೋರುಸಿರೆ ಧೈರ್ಯ. ನೀಲಿ ಜೆಲ್ಲು ಪಸೆ ಎಳಕ್ಕೊಂಡಪ್ಪಗ ನಸುಗೆಂಪು ಆವ್ತು, ಮತ್ತೆ ಬೆಶಿ ಮಾಡಿ ಒಣಗುಸಿರೆ ನೀಲಿ. ಆದರೆ ಆ ನೀಲಿ ಬಣ್ಣ ವಿಷ, ಅಡಿಗೆ ಬಾಣಲೆಲಿ ಬೆಶಿ ಮಾಡ್ಲೇ ಆಗ. ಕಿತ್ತಳೆ ಬಣ್ಣದ್ದು ಸಿಕ್ಕಿರೆ ಅದರ ತನ್ನಿ, ಆದರೂ ಪಾತ್ರ ಬೇರೆಯೇ ಇರಲಿ. ಕೆಲವು ಜೆನ ಅಕ್ಕಿಲಿ ಮಡುಗುಲೆ ಹೇಳ್ತವು. ಅಕ್ಕಿಯ ಹೊಡಿ ಲೆನ್ಸಿನ ಸಂದಿಗೆ ಹೋದರೆ ಮತ್ತೆ ತೆಗವದು ಆರು? ಅಕ್ಕಿ ಉಂಬಲೆ ಇರಲಿ.

ಈಗ ಪಿಸುರಿನ ನಿಜವಾದ ಕಾರಣಕ್ಕೆ ಬತ್ತೆ.

ಎಂಗಳ ಗುಡ್ಡೆಲಿ ಒಂದು ಹಳೇ ಹೆಬ್ಬಲಸಿನ ಮರ ಇದ್ದು. ಅದರ ಪೊಟ್ಟರೆಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿಗೊಂಡಿತ್ತು, ಆರು ವರ್ಷ ತಪ್ಪದ್ದೆ. ಮಂಗಟ್ಟೆಯ ಬಾಳಂತನ ಹೇಂಗೆ ಹೇಳಿ ಗೊಂತಿದ್ದನ್ನೆ? ಹೆಣ್ಣು ಪೊಟ್ಟರೆಯ ಒಳ ಹೋಗಿ, ಬಾಗಿಲಿನ ಒಳಂದಲೇ ಮೆತ್ತಿ ಮುಚ್ಚಿ, ಕೊಕ್ಕು ಹೆರ ಹಾಕುವಷ್ಟು ಸೀಳು ಮಾಂತ್ರ ಒಳುಶುತ್ತು. ಮೊಟ್ಟೆ ಮಡುಗಿ, ಮರಿ ಆಗಿ, ಹೆರ ಬಪ್ಪನ್ನಾರ, ವಾರಗಟ್ಲೆ ಅದು ಉಂಬದು ಗೆಂಡು ತಂದು ಆ ಸೀಳಿಲಿ ಕೊಟ್ಟರೆ ಮಾಂತ್ರ. ಗೋಳಿ ಹಣ್ಣಿನ ಗಂಟಲಿಲಿ ತುಂಬುಸಿಗೊಂಡು ಬಂದು ಒಂದೊಂದೇ ಹಣ್ಣು ತೆಗದು ಕೊಡುದರ ನೋಡ್ಲೆ ಎರಡು ಕಣ್ಣು ಸಾಲ್ತಿಲ್ಲೆ. ಆನು ದೂರಂದ, ದನದ ಹಟ್ಟಿಯ ಹಿಂದಾಣ ಕಟ್ಟೆಲಿ ಕೂದು ನೋಡುದು.

ಒಂದು ವರ್ಷ ಮಾರ್ಚಿಲಿ ಪೇಟೆಂದ ಮೂರು ಜೆನ ಬಂದವು. ಎರಡು ಜೆನರ ಕೈಲಿ ತೊಡೆಯಷ್ಟು ದಪ್ಪದ ಬೆಳಿ ಲೆನ್ಸು. ಎಂಗಳತ್ರೆ ಒಂದು ಮಾತು ಕೇಳಿದ್ದವಿಲ್ಲೆ. ಆನು ಹೋಗಿ ನೋಡುವಗ ಪೊಟ್ಟರೆಗೆ ಅಡ್ಡ ಇತ್ತಿದ್ದ ಎರಡು ಗೆಲ್ಲಿನ ಕಡುದು ಕೆಳ ಹಾಕಿದ್ದವು, ಫೋಟೋಕ್ಕೆ ಚೆಂದ ಕಾಣೆಕ್ಕು ಹೇಳಿ. ಮರಂದ ಹದಿನೈದು ಹೆಜ್ಜೆಲಿ ಕಾಲೂರಿ ನಿಂದಿದವು. ಗೆಂಡು ಮಂಗಟ್ಟೆ ಆಚ ಮರಲ್ಲಿ ಗಂಟಲು ತುಂಬ ಹಣ್ಣು ಮಡಿಕ್ಕೊಂಡು ಕೂದಿತ್ತು. ಬತ್ತಿಲ್ಲೆ. ಒಂದರಿ ಹಾರಿ ಅರ್ಧಕ್ಕೆ ಬಂತು, ತಿರುಗಿ ಹೋತು. ಒಳ ಹೆಣ್ಣು, ಮರಿ. ಒಂದೂವರೆ ಗಂಟೆ ಆತು.

"ಹೆರಡಿ ಇಲ್ಲಿಂದ" ಹೇಳಿದೆ. ಒಬ್ಬ ನೆಗೆಮಾಡಿ, "ಅಮ್ಮ, ಇದು ಹನ್ನೊಂದು ಲಕ್ಷದ ಲೆನ್ಸು, ಇದೆಲ್ಲ ನಿಮಗೆ ಗೊತ್ತಾಗ್ಲಿಕ್ಕಿಲ್ಲ" ಹೇಳಿದ. ಆನು ಕೇಳಿದೆ, "ಹನ್ನೊಂದು ಲಕ್ಷ ಕೊಟ್ಟದ್ದು ದೂರ ನಿಂತು ತೆಗೀಲಿಕ್ಕೆ ಅಲ್ವಾ? ಮತ್ತೆ ಇಷ್ಟು ಹತ್ರ ಬಂದದ್ದು ಯಾಕೆ?" ಅದಕ್ಕೆ ಅವನತ್ರೆ ಉತ್ತರ ಇತ್ತಿಲ್ಲೆ. ಬಾಳಂತಿ ಕೋಣೆಯ ಬಾಗಿಲು ತೆಗದು, ಹೆರಂದ ಬಂದವು ಮೂರು ಜೆನ ಎದುರು ನಿಂದು ಊಟದ ಬಟ್ಲು ಒಳ ಹೋಪಲೆ ಬಿಡದ್ದರೆ ನಿಂಗೊ ಎಂತ ಮಾಡ್ತಿತ್ತಿ? ಆನುದೇ ಅದನ್ನೇ ಮಾಡಿದೆ. ಇವರ ದಿನಿಗೇಳಿದೆ, ಆಚಮನೆ ಭಾವನ ದಿನಿಗೇಳಿದೆ, ಅವು ಹೋಪನ್ನಾರ ಅಲ್ಲೇ ನಿಂದೆ.

ಇದು ಎನ್ನ ಮನೆಯ ಹಟ ಅಲ್ಲ, ಕಾನೂನುದೇ ಹಾಂಗೇ ಇದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಲಿ 'ಬೇಟೆ' ಹೇಳ್ತ ಶಬ್ದಕ್ಕೆ ಅರ್ಥ ಕೊಟ್ಟಲ್ಲಿ, ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಂಗೆ ಉಪದ್ರ ಕೊಡುದನ್ನೂ ಸೇರ್ಸಿದ್ದವು. ಕೋವಿ ಹಿಡುದವ ಮಾಂತ್ರ ಬೇಟೆಗಾರ ಹೇಳಿ ಗ್ರೇಶೆಡಿ.

ಆ ವರ್ಷ ಮರಿ ಹೆರ ಬಂತು. ಮರುವರ್ಷ ಆ ಪೊಟ್ಟರೆಗೆ ಮಂಗಟ್ಟೆ ಬಯಿಂದಿಲ್ಲೆ. ಅದರಿಂದ ಮತ್ತೆಯೂ ಬಯಿಂದಿಲ್ಲೆ. ಕಾರಣ ಅದುವೇ ಹೇಳಿ ಆನು ದೇವರ ಮುಟ್ಟಿ ಪ್ರಮಾಣ ಮಾಡ್ತಿಲ್ಲೆ. ಆರು ವರ್ಷ ಬಂದುಗೊಂಡಿದ್ದದು ನಿಂದತ್ತು, ಎನಗೆ ಗೊಂತಿಪ್ಪದು ಅಷ್ಟೆ.

ಹಾಂಗಾಗಿ ಕೆಮರದ ಬೇಗಿಲಿ ಎಂತ ಇರೆಕ್ಕು ಹೇಳುವ ಮದಲು ಎಂತ ಇಪ್ಪಲಾಗ ಹೇಳ್ತೆ. ಹಕ್ಕಿಯ ದೆನಿ ಹಾಕುವ ಸ್ಪೀಕರು ಇಪ್ಪಲಾಗ. ಈಗ ಅದನ್ನೂ ಒಂದು ಸಾಮಾನು ಹೇಳಿ ಮಾರ್ತವು. ಆ ದೆನಿ ಕೇಳಿಯಪ್ಪಗ ತನ್ನ ಜಾಗೆಗೆ ಬೇರೆ ಹಕ್ಕಿ ಬಂತು ಹೇಳಿ ಗ್ರೇಶಿ ಹಕ್ಕಿ ಇಪ್ಪ ಕೆಲಸ ಬಿಟ್ಟು ಓಡಿ ಬತ್ತು. ಗೂಡಿಲಿ ಮರಿ ಇದ್ದರೆ ಅದೂ ಹೋತು. ಗೆಲ್ಲು ಕಡಿವ ಕತ್ತಿ ಇಪ್ಪಲಾಗ. ಗೂಡಿನ ಹತ್ತರೆ ಫ್ಲಾಶು ಬೇಡ. ಈಗ ಸುಮಾರು ಫೋಟೋ ಸ್ಪರ್ಧೆಗಳಲ್ಲಿ ಗೂಡಿನ ಫೋಟೋ ತೆಕ್ಕೊಳ್ತವೇ ಇಲ್ಲೆ, ಆದರೂ ಈ ಹುಚ್ಚು ಬಿಟ್ಟಿದಿಲ್ಲೆ.

ದೊಡ್ಡ ಲೆನ್ಸು ಇಲ್ಲದ್ದೆ ಹಕ್ಕಿಯ ವಿಷಯ ಮಾತಾಡ್ಲೇ ಆಗ ಹೇಳ್ತವಕ್ಕೆ ಎನ್ನದೊಂದು ಪ್ರಶ್ನೆ. ಸಲೀಂ ಅಲಿ 1941ರಲ್ಲಿ ಭಾರತದ ಹಕ್ಕಿಗಳ ಪುಸ್ತಕ ಬರದಪ್ಪಗ ಅವರ ಕೆಲಸ ನಡದ್ದು ದುರ್ಬೀನಿಲಿ, ನೋಟು ಪುಸ್ತಕಲ್ಲಿ. ನ್ಯಾಶನಲ್ ಬುಕ್ ಟ್ರಸ್ಟಿನೋರು 1970ರಲ್ಲಿ ಹಕ್ಕಿ ನೋಡುದು ಹೇಂಗೆ ಹೇಳಿ ಒಂದು ಪುಸ್ತಕ ತಂದವು, ಅದರ ಬರದ್ದು ಜಮಾಲ್ ಆರಾ ಹೇಳ್ತ ಹೆಮ್ಮಕ್ಕೊ. ನಮ್ಮ ತೇಜಸ್ವಿಯವು ಮೂಡಿಗೆರೆಯ ತೋಟಲ್ಲಿ ಕೂದುಗೊಂಡು ತೆಗದ ಹಕ್ಕಿ ಫೋಟೋಂಗೊ ಈಗಲೂ ಜೆನ ನೋಡ್ತವು. ಅದು ರೀಲಿನ ಕಾಲ, ಒಂದು ರೀಲಿಲಿ 36 ಫೋಟೋ, ಪ್ರತಿ ಕ್ಲಿಕ್ಕಿಂಗೂ ಪೈಸೆ. ಈಗಾಣೋರು ಒಂದು ಗುಂಡಿ ಒತ್ತಿ ಹಿಡುದರೆ ಸೆಕೆಂಡಿಂಗೆ 20 ಫೋಟೋ. ಸಫಾರಿಂದ ಮೂರು ಸಾವಿರ ಫೋಟೋ ಹಿಡ್ಕೊಂಡು ಬಂದು, ವಾರ ಇಡೀ ಕಂಪ್ಯೂಟರಿನ ಎದುರು ಕೂದು ಒಳ್ಳೆದರ ಹೆರ್ಕುತ್ತವು. ಆ ವಾರ ಚಾಯ ಕೂದಲ್ಲಿಗೇ ಎತ್ತೆಕ್ಕು.

ಕೆಮರಂದಲೂ ಮದಲು ಒಂದು ದುರ್ಬೀನು ತೆಕ್ಕೊಳ್ಳಿ ಹೇಳಿಯೇ ಆನು ಹೇಳುದು. 8 ಗುಣಿಸು 42 ಹೇಳಿ ಬರದ್ದಿರ್ತು. 8 ಪಾಲು ಹತ್ತರೆ, ಎದುರಾಣ ಗ್ಲಾಸು 42 ಮಿ.ಮೀ. ಅಗಲ. 10, 12 ಪಾಲಿಂದು ತೆಕ್ಕೊಂಬಲೆ ಅಂಗಡಿಲಿ ಒತ್ತಾಯ ಮಾಡುಗು, ಬೇಡ, ಕೈ ನಡುಗುದುದೇ ಅಷ್ಟೇ ಪಾಲು ದೊಡ್ಡ ಆವ್ತು. ದೂರಕ್ಕೂ ಕನ್ನಡ್ಕ ಹಾಕುವವು ಕಣ್ಣಿನ ರಬ್ಬರು ಕೆಳ ತಿರುಗುವ ಹಾಂಗಿಪ್ಪದರ ನೋಡಿ. ಹಕ್ಕಿ ಎಲ್ಲಿ ಕೂರ್ತು, ಏವ ಹೊತ್ತಿಂಗೆ ಬತ್ತು ಹೇಳಿ ದುರ್ಬೀನಿಲಿ ಒಂದು ತಿಂಗಳು ನೋಡಿದವಕ್ಕೆ ಕೆಮರಕ್ಕೆ ಎಷ್ಟು ಪೈಸೆ ಹಾಕೆಕ್ಕು ಹೇಳಿ ತನ್ನಷ್ಟಕ್ಕೇ ಗೊಂತಾವ್ತು. ಮೊಬೈಲಿಂಗೂ ಕೆಲಸ ಇದ್ದು: ಮೆರ್ಲಿನ್ ಹೇಳ್ತ ಆ್ಯಪು ಹಾಕಿರೆ ಹಕ್ಕಿಯ ದೆನಿ ಕೇಳಿ ಅದರ ಹೆಸರು ಹೇಳ್ತು, ಪೈಸೆ ಇಲ್ಲೆ. ಅದು ಹೇಳಿದ್ದೆಲ್ಲ ಸರಿ ಹೇಳಿ ಅಲ್ಲ, ಎಂಗಳ ಮನೆ ಬಾಗಿಲಿನ ಕಿರ್ರ್ ದೆನಿಯನ್ನೂ ಒಂದರಿ ಹಕ್ಕಿ ಮಾಡಿತ್ತು.

ಪೈಸೆಯ ವಿಷಯ ಒಂದು ಒಳುತ್ತು. ಮನೆಯ ಗೆಂಡುಮಕ್ಕೊ ಎರಡು ಲಕ್ಷದ ಲೆನ್ಸು ತಪ್ಪಗ 'ಅಡಕ್ಕೆ ಪೈಸೆ' ಹೇಳ್ತವು. ಅಡಕ್ಕೆ ಹೆರ್ಕಿದ್ದು ಆರು, ಜಾಲಿಲಿ ಮೊಗಚ್ಚಿದ್ದು ಆರು, ಮಳೆ ಬಪ್ಪಗ ಓಡಿ ಟರ್ಪಾಲು ಹಾಕಿದ್ದು ಆರು, ರಾಶಿ ಎದುರು ಕೂದು ಸೊಲುದ್ದು ಆರು? ಪೈಸೆ ನಮ್ಮದುದೇ ಅಪ್ಪು. ಲೆನ್ಸು ತೆಕ್ಕೊಂಬಲಾಗ ಹೇಳಿ ಅಲ್ಲ, 'ಎಷ್ಟು ಎಂ.ಎಂ., ಎಷ್ಟು ತೂಕ, ವರ್ಷಕ್ಕೆ ಎಷ್ಟು ಸರ್ತಿ ಹೆರ ತೆಗೆತ್ತಿ, ಮಳೆಗಾಲಲ್ಲಿ ಎಲ್ಲಿ ಮಡುಗುತ್ತಿ' ಹೇಳಿ ನಾಲ್ಕು ಪ್ರಶ್ನೆ ಕೇಳ್ಲೆ ನವಗೆ ಅಧಿಕಾರ ಇದ್ದು. ಕೇಳಿ ನೋಡಿ. ಎಂಗಳ ಹತ್ತರಾಣ ಒಂದು ಮನೆಲಿ ಅತ್ತಿಗೆ ಈ ನಾಲ್ಕು ಪ್ರಶ್ನೆ ಕೇಳಿದ ಮರದಿನವೇ ಲೆನ್ಸಿನ ಬದಲು ಕೈಲಿ ಹಿಡಿವ ಹುಲ್ಲು ಕತ್ತರುಸುವ ಮಿಶನು ಬಂತು.

ಈ ಬರಹ ಓದಿ ಕೆಮರ ಹಿಡುದು ನೋಡೆಕ್ಕು ಹೇಳಿ ಆರಿಂಗಾರು ಕಂಡರೆ ಎಂಗಳಲ್ಲಿಗೆ ಬನ್ನಿ. ಉದಿಯಪ್ಪಗ ಏಳರಿಂದ ಎಂಟೂವರೆ ವರೆಗೆ ಬೆಣಚ್ಚಿ ಲಾಯ್ಕ ಇರ್ತು, ತೋಡಿನ ಕರೇಲಿ ಮಿಂಚುಳ್ಳಿಯೂ ಬತ್ತು. ಒಂದು ವಾರ ಮನೆಗೆ ಕೊಂಡೋಪಲೂ ಅಕ್ಕು. ಮೆಮೊರಿ ಕಾರ್ಡು ಮಾಂತ್ರ ನಿಂಗಳೇ ತನ್ನಿ, ಎನ್ನದರಲ್ಲಿ ಮಂಗಟ್ಟೆ ಇದ್ದು.